ಮಂಡಕ್ಕಿ ಮುಂದಿನ ಪ್ರಾರ್ಥನೆ

ನಿನ್ನೆ ಸಂಜೆ ದಾವಣಗೆರೆಯಲ್ಲಿ ಜೋರು ಮಳೆ. ಕರೆಂಟ್ ಇಲ್ಲ. ಇವರ ಸಂಬಳ ಇನ್ನೂ ಬಂದಿಲ್ಲ, ಮಗಳ ಫೀಸ್ ಕಟ್ಟಬೇಕು. ನನಗೆ ಅದೇ ತಲೆಬಿಸಿ. ಮೇಣದಬತ್ತಿ ಬೆಳಕಲ್ಲೇ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮಿರ್ಚಿ ಕರಿದೆ. (ನಮ್ಮೂರಲ್ಲಿ ಮಿರ್ಚಿ ಇಲ್ಲದೆ ಮಂಡಕ್ಕಿ ಕೊಟ್ಟು ನೋಡಿ, ಗೊತ್ತಾಗುತ್ತೆ!)

ದಿನಾ ತಿನ್ನುವ ಮುಂಚೆ ಪ್ರಾರ್ಥನೆ ಮಾಡುವವರು ಅತ್ತೆ. ನಿನ್ನೆ ಆರು ವರ್ಷದ ಮಗಳು "ಅಜ್ಜಿ, ಇವತ್ತು ನಾನು" ಎಂದು ಕಣ್ಣು ಮುಚ್ಚಿದಳು.

"ಯೇಸಪ್ಪಾ, ಮಂಡಕ್ಕಿಗೆ ಸ್ತೋತ್ರ. ಮಿರ್ಚಿ ಖಾರ ಇರೋದು ಬೇಡ. ಅಮ್ಮ ನಗಲಿ. ಆಮೆನ್."

ನಾಳೆಯ ಚಿಂತೆ ಇವತ್ತೇ ಬೇಡ ಎನ್ನುವ ಬೈಬಲ್ ವಚನ, ಮತ್ತಾಯ 6:34, ನನಗೆ ಸಂಡೇ ಸ್ಕೂಲಿನಿಂದಲೂ ಬಾಯಿಪಾಠ. ಸುಮ್ನೆ ಬಾಯಲ್ಲೇ ಇತ್ತೇನೋ, ಅಲ್ವಾ?

ಫೀಸ್ ಇನ್ನೂ ಬಾಕಿ. ರಾತ್ರಿ ಮಾತ್ರ ಒಳ್ಳೆ ನಿದ್ದೆ ಬಂತು.

ಮಿರ್ಚಿ ಖಾರವೇ ಇತ್ತು.