ಮೀಸೆಯ ಬಗ್ಗೆ ನಾನು ಕೇಳಿರಲೇ ಇಲ್ಲ

ನಾನು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಪಾಠದ ಜೊತೆಗೆ ಒಂದು ಸಂಶೋಧನೆಯೂ ಇದೆ: ಹುಡುಗ ಹುಡುಗಿಯರಿಗೆ ತಮ್ಮ ಮೈ ಬಗ್ಗೆ ಏನನ್ನಿಸುತ್ತದೆ, ಯಾಕನ್ನಿಸುತ್ತದೆ ಅನ್ನುವುದು. ಪುಸ್ತಕದಲ್ಲಿ ಇದಕ್ಕೆ ಬಾಡಿ ಇಮೇಜ್ ಅನ್ನುತ್ತಾರೆ. ಇಲ್ಲಿ ಬರೆಯುತ್ತಿರುವುದು ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಅವತ್ತು ಎರಡನೇ ವರ್ಷದವರನ್ನೆಲ್ಲ ಸೆಮಿನಾರ್ ಹಾಲಿನಲ್ಲಿ ಕೂರಿಸಿದ್ದೆ. ಕೈಯಲ್ಲಿ ಎರಡು ಕಟ್ಟು ಜೆರಾಕ್ಸ್ ಇತ್ತು. ನೀಲಿ ಹಾಳೆಯಲ್ಲಿ ಗಂಡಿನ 9 ಚಿತ್ರ, ಹಳದಿ ಹಾಳೆಯಲ್ಲಿ ಹೆಣ್ಣಿನ 9 ಚಿತ್ರ. ಮೊದಲನೆಯದು ಕಡ್ಡಿಯಂತೆ, ಕೊನೆಯದು ತುಂಬಾ ದಪ್ಪ. 'ನೀವು ಈಗ ಯಾವ ಚಿತ್ರದ ಹಾಗಿದ್ದೀರಿ ಅದಕ್ಕೆ ಸುತ್ತು ಹಾಕಿ. ಯಾವುದರ ಹಾಗಿರಬೇಕು ಅನ್ನಿಸುತ್ತದೋ ಅದಕ್ಕೆ ಟಿಕ್ ಹಾಕಿ.' ಎರಡಕ್ಕೂ ನಡುವೆ ಎಷ್ಟು ಅಂತರವೋ ಅಷ್ಟು ಅತೃಪ್ತಿ. ಇಷ್ಟೇ ಲೆಕ್ಕ.

ಈ ಚಿತ್ರಗಳು ನಮ್ಮ ಕ್ಷೇತ್ರದಲ್ಲಿ ಬಹಳ ಹಳೆಯವು. ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನ ದತ್ತುಮಕ್ಕಳ ಅಧ್ಯಯನಕ್ಕಾಗಿ ಬಳಸಿ, 1983ರಲ್ಲಿ ಪ್ರಕಟಿಸಿದ್ದು. ಆಮೇಲೆ ಲೋಕದ ಎಲ್ಲ ಕಡೆ ಹರಡಿತು. ನಾನೂ ಎತ್ತಿಕೊಂಡೆ, ಕನ್ನಡದಲ್ಲಿ ಸೂಚನೆ ಬರೆದೆ, ಸಾಲು ಸಾಲಾಗಿ ಹಂಚಿದೆ. ಮುಖ ನೋಡಿ ನೀಲಿ, ಮುಖ ನೋಡಿ ಹಳದಿ.

ಮೂರನೇ ಬೆಂಚಿನಲ್ಲಿ ಒಬ್ಬರು ಹಾಳೆ ಹಿಡಿದುಕೊಂಡು ಸುಮ್ನೆ ಕೂತಿದ್ದರು. 'ಯಾಕೋ, ಪೆನ್ ಇಲ್ವೇನೋ?' ಅಂದೆ. ತಲೆ ಎತ್ತಲಿಲ್ಲ. ಹಾಳೆ ಮಗುಚಿ ಹಿಂದುಗಡೆ ಏನೋ ಬರೆದು, ನಾಲ್ಕಾಗಿ ಮಡಚಿ, ಕಟ್ಟಿನ ನಡುವೆ ತುರುಕಿ ಹೋದರು.

ಸಂಜೆ ಬಿಡಿಸಿ ನೋಡಿದೆ. ಒಂದು ಚಿತ್ರಕ್ಕೂ ಸುತ್ತಿಲ್ಲ. ಹಿಂದೆ ಎರಡು ಸಾಲು: 'ಮೇಡಂ, ನನಗೆ ಹೊಟ್ಟೆ ಬಗ್ಗೆ ಬೇಜಾರಿಲ್ಲ. ಮೀಸೆ ಬಗ್ಗೆ ಇದೆ.'

ನಾನು ಅದರ ಮೇಲೆ 'ಅಪೂರ್ಣ' ಅಂತ ಬರೆದು ಬದಿಗಿಟ್ಟೆ. ಭರ್ತಿಯಾಗದ ಫಾರಂ ಲೆಕ್ಕಕ್ಕೆ ಬರುವುದಿಲ್ಲ, ಅದು ನಿಯಮ. ಆ ಕ್ಷಣ ನನಗೆ ಬೇರೇನೂ ಹೊಳೆಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಉಳಿದ ಫಾರಂಗಳ ಲೆಕ್ಕ ಹಾಕಿದೆ. ಹುಡುಗಿಯರ ಸರಾಸರಿ ನಿರೀಕ್ಷೆಯಂತೆಯೇ ಬಂತು, ಇರುವುದಕ್ಕಿಂತ ತೆಳ್ಳಗಿರಬೇಕು ಅನ್ನುವ ಆಸೆ. ಹುಡುಗರದ್ದು ಹೆಚ್ಚುಕಡಿಮೆ ಸೊನ್ನೆ. 1985ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಫಾಲನ್ ಮತ್ತು ರೋಜಿನ್ ಮಾಡಿದ ಅಧ್ಯಯನದಲ್ಲೂ ಹೀಗೇ ಬಂದಿತ್ತು. ನನಗೆ ಖುಷಿಯಾಯಿತು. 'ಹುಡುಗರಲ್ಲಿ ಅತೃಪ್ತಿ ಇಲ್ಲವೆನ್ನುವಷ್ಟು ಕಡಿಮೆ' ಅಂತ ಕರಡಿನಲ್ಲಿ ಬರೆದೂಬಿಟ್ಟೆ.

ಅದನ್ನು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು. 'ಸರಾಸರಿ ಬಿಡಮ್ಮ, ಒಂದೊಂದೇ ಹಾಳೆ ನೋಡಿದ್ಯಾ?'

ನೋಡಿರಲಿಲ್ಲ. ಕೂತು ನೋಡಿದೆ. ಒಬ್ಬ 2ಕ್ಕೆ ಸುತ್ತು ಹಾಕಿ 5ಕ್ಕೆ ಟಿಕ್ ಹಾಕಿದ್ದಾನೆ. ಅವನಿಗೆ ಮೂರು ಮನೆ ದಪ್ಪಗಾಗಬೇಕು. ಇನ್ನೊಬ್ಬ 7ಕ್ಕೆ ಸುತ್ತು, 4ಕ್ಕೆ ಟಿಕ್. ಅವನಿಗೆ ಮೂರು ಮನೆ ಇಳಿಯಬೇಕು. ಕೂಡಿಸಿದರೆ ಸೊನ್ನೆ! ಒಬ್ಬನ ಬೇಜಾರು ಇನ್ನೊಬ್ಬನ ಬೇಜಾರನ್ನು ಅಳಿಸಿಹಾಕಿತ್ತು. ಇಬ್ಬರೂ ಕನ್ನಡಿ ಮುಂದೆ ನಿಲ್ಲಲು ಹಿಂಜರಿಯುವವರೇ ಇರಬಹುದು, ನನ್ನ ಕರಡಿನಲ್ಲಿ ಮಾತ್ರ ಇಬ್ಬರೂ ಆರಾಮಾಗಿದ್ದರು. ಈ ಎಡವಟ್ಟನ್ನು 1980ರ ದಶಕದಲ್ಲೇ ಬೇರೆ ಸಂಶೋಧಕರು ತೋರಿಸಿಕೊಟ್ಟಿದ್ದರು. ಓದಿದ್ದೆ ಕೂಡ. ಮೇಲಾಗಿ ಈ ಹುಡುಗರಲ್ಲಿ ಎಷ್ಟೋ ಜನಕ್ಕೆ ಬೇಕಿದ್ದದ್ದು ಕೊಬ್ಬಲ್ಲ, ಜಿಮ್‌ನ ತೋಳು. ಗಂಡಸರ ಈ ಹಂಬಲವನ್ನೇ ಅಳೆಯಲು ಮೆಕ್‌ಕ್ರಿಯರಿ ಮತ್ತು ಸಾಸ್ 2000ದಲ್ಲಿ 15 ಪ್ರಶ್ನೆಗಳ ಬೇರೊಂದು ಮಾಪಕ ಮಾಡಿದರು. ನನ್ನ ನೀಲಿ ಹಾಳೆಯಲ್ಲಿ ತೋಳಿಗೆ ಜಾಗವೇ ಇರಲಿಲ್ಲ.

ಇನ್ನೊಂದು ಪ್ರಶ್ನಾವಳಿಯನ್ನೂ ಅವತ್ತೇ ಕೊಟ್ಟಿದ್ದೆ, ತೆಳ್ಳಗಾಗುವ ಹಂಬಲದಿಂದ ಊಟ ಬಿಡುವಂಥ ತೊಂದರೆ ಇದೆಯೇ ಅಂತ ಅಂಕ ಹಾಕಿ ನೋಡಲು ಡೇವಿಡ್ ಗಾರ್ನರ್ ಮತ್ತು ಸಂಗಡಿಗರು 1982ರಲ್ಲಿ ತಂದ 26 ಪ್ರಶ್ನೆಗಳದ್ದು. ಅದರಲ್ಲಿ, ಹಸಿವಾದಾಗಲೂ ಊಟ ಮಾಡದೆ ತಪ್ಪಿಸುತ್ತೇನೆ ಅನ್ನುವ ಅರ್ಥದ ಒಂದು ಸಾಲಿದೆ. 'ಯಾವಾಗಲೂ' ಅಂತ ಗುರುತು ಹಾಕಿದ್ದ ಹುಡುಗಿಯೊಬ್ಬಳು ಆಮೇಲೆ ತಾನಾಗಿಯೇ ಆ ಮಾತೆತ್ತಿದಳು. 'ಸೋಮವಾರ ಉಪವಾಸ ಮೇಡಂ. ಮಿಕ್ಕ ದಿನ ಅಪ್ಪ, ಅಣ್ಣ ಉಂಡ ಮೇಲೇ ನಾವು' ಅಂದಳು. ಅವಳಿಗೆ ತೆಳ್ಳಗಾಗುವ ಆಸೆಯೇ ಇಲ್ಲ. ಅವಳ ಅಜ್ಜಿ 'ಮೈ ಕೈ ತುಂಬಿಕೊಳ್ಳೇ, ನೋಡೋಕೆ ಬರೋರು ಏನಂತಾರೆ' ಅಂತ ದಿನಾ ಹೇಳುತ್ತಾರಂತೆ. ನನ್ನ ಅಂಕದ ಪ್ರಕಾರ ಅವಳನ್ನು ಡಾಕ್ಟರ ಹತ್ತಿರ ಕಳಿಸಬೇಕಿತ್ತು.

ಆಗ ನೆನಪಾಯಿತು, ಬದಿಗಿಟ್ಟ ಆ ಹಾಳೆ.

ಫಾರಂನಲ್ಲಿ ಹೆಸರು ಬರೆಸಿರಲಿಲ್ಲ. ಯಾರಿರಬಹುದು ಅಂತ ಊಹೆಯಿತ್ತು, ಆದರೆ ಹುಡುಕಿಕೊಂಡು ಹೋಗುವುದು ತಪ್ಪು. ಗುಟ್ಟಾಗಿಡುತ್ತೇನೆ ಅಂತ ಮಾತು ಕೊಟ್ಟಿದ್ದೇನಲ್ಲ. ಎಲ್ಲ ಕ್ಲಾಸುಗಳಲ್ಲೂ ಒಂದೇ ಮಾತು ಹೇಳಿದೆ: 'ಆ ಫಾರಂನಲ್ಲಿ ನಾನು ಕೇಳದೇ ಬಿಟ್ಟದ್ದು ಏನಾದರೂ ಇದ್ದರೆ ಬಂದು ಹೇಳಿ.' ಬಂದವರೆಲ್ಲರ ಜೊತೆ ಪ್ರಶ್ನಾವಳಿ ಇಲ್ಲದೆ, ಸುಮ್ನೆ ಕೂತು ಮಾತಾಡಿದೆ.

ಮೀಸೆ ಅನ್ನುವ ಮಾತು ಮೂರು ಬಾಯಿಂದ ಬಂತು. ಒಬ್ಬ ಹುಡುಗನಿಗೆ ಇಪ್ಪತ್ತು ತುಂಬಿದರೂ ಸರಿಯಾಗಿ ಮೀಸೆ ಬಂದಿಲ್ಲ, ಹಾಸ್ಟೆಲಿನಲ್ಲಿ ಅಡ್ಡಹೆಸರಿಟ್ಟು ಕರೆಯುತ್ತಾರೆ. ಒಬ್ಬ ಹುಡುಗಿಗೆ ಪಿಸಿಓಡಿ ಅನ್ನುವ ಹಾರ್ಮೋನಿನ ತೊಂದರೆ, ತುಟಿಯ ಮೇಲೆ ಕೂದಲು. ಎರಡು ವಾರಕ್ಕೊಮ್ಮೆ ಥ್ರೆಡಿಂಗ್ ಮಾಡಿಸದಿದ್ದರೆ ಬಸ್ಸಿನಲ್ಲಿ ಕರ್ಚೀಫು ಅಡ್ಡ ಹಿಡಿದೇ ಕೂರುತ್ತಾಳೆ. ಮೂರನೆಯವರು ಅದೇ ಮೂರನೇ ಬೆಂಚಿನವರು. ಅವರಿಗೆ ಮೀಸೆ ಬಂದದ್ದೇ ಸಂಕಟ. 'ಗಂಟಲು ಒಡೆದಾಗಲೇ ಅಳು ಬಂದಿತ್ತು ಮೇಡಂ. ಮೀಸೆ ಬಂದ ಮೇಲೆ ಕನ್ನಡಿ ನೋಡೋದೇ ಬಿಟ್ಟೆ' ಅಂದರು. ಟಿವಿಯಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವುದನ್ನು ನೋಡಿ ಅವರಮ್ಮ ಕಣ್ಣೊರೆಸಿಕೊಂಡರಂತೆ. ಅದೇ ಅಮ್ಮ, ಇವರು ಹುಬ್ಬು ತೀಡಿಸಿಕೊಂಡು ಬಂದಾಗ ಮೂರು ದಿನ ಮಾತು ಬಿಟ್ಟರಂತೆ.

ಒಂದೇ ಪದ, ಮೂರು ಬೇರೆ ಬೇರೆ ನೋವು. ನನ್ನ 18 ಚಿತ್ರಗಳಲ್ಲಿ ಒಂದಕ್ಕೂ ಅದು ಕಾಣಿಸಿರಲಿಲ್ಲ.

ಆ ಮಾತುಕತೆಯಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಹುಟ್ಟಿದಾಗ ಹೇಳಿದ ಲಿಂಗ ತನ್ನದಲ್ಲ ಅನ್ನಿಸುವುದಕ್ಕೆ ನನ್ನ ನೋಟ್ಸ್‌ನಲ್ಲಿ ಇನ್ನೂ 'ಜೆಂಡರ್ ಐಡೆಂಟಿಟಿ ಡಿಸಾರ್ಡರ್', ಅಂದರೆ ಲಿಂಗ ಗುರುತಿನ ಕಾಯಿಲೆ, ಅಂತಲೇ ಇತ್ತು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ಅದನ್ನು ಸರಿಯಾಗಿ ಹೇಳುತ್ತಿದ್ದೆ. ಆದರೆ ಅದೇ ಸಂಘದ ಕಾಯಿಲೆಗಳ ಕೈಪಿಡಿ, 2013ರ ಡಿಎಸ್ಎಂ-5ರಲ್ಲಿ ಆ 'ಡಿಸಾರ್ಡರ್' ಹೆಸರು ಹೋಯಿತು. ಲಿಂಗ ಗುರುತು ರೋಗವಲ್ಲ, ಅದರ ಸುತ್ತ ಅನುಭವಿಸುವ ಸಂಕಟಕ್ಕೆ ಸಹಾಯ ಬೇಕು ಅನ್ನುವ ದಿಕ್ಕಿಗೆ ಹೊರಳಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, 2022ರಿಂದ ಜಾರಿಗೆ ಬಂದದ್ದು, ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರಗಿಟ್ಟಿತು. ನಮ್ಮ ಸುಪ್ರೀಂ ಕೋರ್ಟ್ 2014ರಲ್ಲೇ, ತಾನು ಯಾರು ಅಂತ ಹೇಳಿಕೊಳ್ಳುವುದು ಆ ವ್ಯಕ್ತಿಯ ಹಕ್ಕು ಅಂದಿತ್ತು. ನಾನು ಹಳೆಯ ನೋಟ್ಸ್ ಡಿಕ್ಟೇಟ್ ಮಾಡುತ್ತಿದ್ದಾಗ ಅವರು ಎದುರಿಗೇ ಕೂತು, ತಮ್ಮನ್ನೇ ಕಾಯಿಲೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ನಾನು ಕ್ಷಮೆ ಕೇಳಿದೆ. ಮುಂದಿನ ಕ್ಲಾಸಿನಲ್ಲಿ ಆ ಪುಟ ಹೊಡೆದುಹಾಕಿಸಿ ಮತ್ತೆ ಬರೆಸಿದೆ.

ಅಧ್ಯಯನದಲ್ಲಿ ಅವರ ಮಾತು ಸೇರಿಸಲು ಒಪ್ಪಿಗೆ ಕೊಟ್ಟರು. ಆಗ ನನಗೊಂದು ತೊಡಕು. ನಮ್ಮ ಭಾಷೆಯಲ್ಲಿ ನಾನು, ನೀನು ಅನ್ನುವಾಗ ಗಂಡು ಹೆಣ್ಣಿನ ಗೊಡವೆಯಿಲ್ಲ. 'ನಾನು ಬಂದೆ' ಅಂತ ಯಾರು ಬೇಕಾದರೂ ಹೇಳಬಹುದು. ಬೇರೆಯವರು ಹೇಳುವಾಗಲೇ ಬಂದನೋ ಬಂದಳೋ ಅನ್ನುವ ಪ್ರಶ್ನೆ. ಅವತ್ತು ನಾನು ಅಂದ 'ಯಾಕೋ'ದಲ್ಲೂ ಒಂದು ನೀಲಿ ಹಾಳೆ ಇತ್ತಲ್ವಾ? 'ನಿನ್ನ ಬಗ್ಗೆ ಬರೆಯುವಾಗ ಹೇಗೆ ಬರೀಲಿ?' ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು.

'ಸದ್ಯಕ್ಕೆ ಬಂದ್ರು, ಹೋದ್ರು ಅಂತ ಬರೀರಿ ಮೇಡಂ. ಆಮೇಲೆ ಹೇಳ್ತೀನಿ.'

ಈಗ ನನ್ನ ಫಾರಂ ಬೇರೆಯಾಗಿದೆ. ಮೊದಲ ಪುಟ ಪೂರ್ತಿ ಖಾಲಿ, ಮೇಲೆ ಒಂದೇ ಪ್ರಶ್ನೆ: 'ನಿಮ್ಮ ಮೈ ನೋಡಿ ಯಾರು ಏನಂತಾರೆ? ನಿಮಗೆ ಏನನ್ನಿಸುತ್ತದೆ?' ಚಿತ್ರದ ಹಾಳೆಗಳನ್ನು ಕೈಗೆ ಕೊಡುವುದಿಲ್ಲ, ಮೇಜಿನ ಮೇಲೆ ಇಟ್ಟಿರುತ್ತೇನೆ. ಎರಡೂ ಬಿಳಿ. ಬೇಕಾದ್ದು ತಗೊಳ್ಳಬಹುದು, ಬಿಡಬಹುದು. ಲೆಕ್ಕ ಹಾಕುವ ಮೊದಲು ಒಂದೊಂದೇ ಹಾಳೆ ಓದುತ್ತೇನೆ, ಹಿಂದುಗಡೆಯನ್ನೂ ಸೇರಿಸಿ. ಹೋದ ತಿಂಗಳ ಕಟ್ಟಿನಲ್ಲಿ ಮೈಬಣ್ಣದ ಬಗ್ಗೆ ಬರೆದವರೇ ಜಾಸ್ತಿ. ನಡಿಗೆಯ ಬಗ್ಗೆ ನಾಲ್ಕು ಜನ. ಆ ನಾಲ್ವರ ಜೊತೆ ಮಾತಾಡುವುದು ಇನ್ನೂ ಬಾಕಿ ಇದೆ.