ಅಲೆಪ್ಪೊ ಹಸ್ತಪ್ರತಿ ನೋಡಲು ಜೆರುಸಲೇಮ್‌ಗೆ ಹೋಗುವವರಿಗೆ

ಇಸ್ರೇಲ್ ಮ್ಯೂಸಿಯಂಗೆ ಹೋದವರಲ್ಲಿ ಹೆಚ್ಚಿನವರು ಬಿಳಿ ಗುಮ್ಮಟದ ಕಟ್ಟಡದಲ್ಲಿ ಮೃತ ಸಮುದ್ರದ ಸುರುಳಿಗಳನ್ನು ನೋಡಿ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಕೆಳಗಿನ ಅಂತಸ್ತಿಗೂ ಇಳಿಯಿರಿ. ಸುಮಾರು 930ರಲ್ಲಿ ತಿಬೇರಿಯಾದಲ್ಲಿ ಬರೆದ ಹೀಬ್ರೂ ಬೈಬಲ್‌ನ ಹಾಳೆಗಳು ಅಲ್ಲಿವೆ. ಅಲೆಪ್ಪೊ ಹಸ್ತಪ್ರತಿ ಅಂದರೆ ಇದೇ. ನನಗೆ ಜನಜಂಗುಳಿ ಆಗುವುದಿಲ್ಲ. ಮೇಲೆ ನೂಕುನುಗ್ಗಲಿದ್ದರೂ ಕೆಳಗೆ ನಿಶ್ಚಿಂತೆಯಿಂದ ನಿಂತು ನೋಡಿದೆ. ಹಾಳೆಯ ಮೂಲೆಗಳನ್ನು ಗಮನಿಸಿ. ಅಲ್ಲಿರುವ ಕಲೆಗಳನ್ನು ಬಹಳ ಕಾಲ ಬೆಂಕಿಯ ಗುರುತು ಎಂದೇ ನಂಬಿದ್ದರು. ಪರೀಕ್ಷೆ ಮಾಡಿದಾಗ ಅದು ಶಿಲೀಂಧ್ರ ಎಂದು ಗೊತ್ತಾಯಿತು.

ಈ ಸಂಗತಿ ಮುಖ್ಯ ಯಾಕೆ ಅಂದರೆ, ಸಿರಿಯಾದ ಅಲೆಪ್ಪೊದ ಯೆಹೂದಿಗಳು ಹಸ್ತಪ್ರತಿಯನ್ನು ಸುಮಾರು 600 ವರ್ಷ ತಮ್ಮ ಸಿನಗಾಗ್‌ನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ, ಕಾಪಾಡಿದ್ದರು. 1947ರ ಗಲಭೆಯಲ್ಲಿ ಆ ಸಿನಗಾಗ್‌ಗೆ ಬೆಂಕಿ ಬಿತ್ತು. ಹಸ್ತಪ್ರತಿಯಲ್ಲಿ ಇದ್ದದ್ದು ಸುಮಾರು 490 ಹಾಳೆ, ಈಗ ಉಳಿದಿರುವುದು 295ರಷ್ಟು. ತೋರಾದ ಭಾಗ, ಅಂದರೆ ಬೈಬಲ್‌ನ ಮೊದಲ ಐದು ಪುಸ್ತಕಗಳು, ಬಹುತೇಕ ಇಲ್ಲ. ಸುಟ್ಟಿಲ್ಲ ಅಂದಮೇಲೆ ಆ ಹಾಳೆಗಳು ಹೋದದ್ದೆಲ್ಲಿ? ಗಾಜಿನ ಮುಂದೆ ನಿಂತಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಮುರಾದ್ ಫಹಾಮ್ ಎಂಬ ಚೀಸ್ ವ್ಯಾಪಾರಿ ಉಳಿದ ಹಸ್ತಪ್ರತಿಯನ್ನು ವಾಷಿಂಗ್ ಮೆಷಿನ್‌ನಲ್ಲಿ ಬಚ್ಚಿಟ್ಟು ಟರ್ಕಿಗೆ ಸಾಗಿಸಿದರು. 1958ರಲ್ಲಿ ಅದು ಇಸ್ರೇಲ್ ತಲುಪಿತು. ಅಲ್ಲಿ ಅವರು ಅದನ್ನು ಒಪ್ಪಿಸಿದ್ದು ವಲಸೆ ವಿಭಾಗದ ಮುಖ್ಯಸ್ಥರಿಗೆ. ಅಲೆಪ್ಪೊದವರು ಸಿಟ್ಟಾದರು. ಇದು ನಮ್ಮ ಸಮುದಾಯದ ಸ್ವತ್ತು, ನಮ್ಮವರ ಕೈಗೇ ಬರಬೇಕಿತ್ತು ಎಂದು ರಬ್ಬಿಗಳ (ಯೆಹೂದಿ ಧರ್ಮಗುರುಗಳ) ನ್ಯಾಯಾಲಯಕ್ಕೆ ಹೋದರು. 1962ರಲ್ಲಿ ರಾಜಿಯಾಯಿತು. ಒಂದು ಟ್ರಸ್ಟ್ ಮಾಡಿ ಅದರಲ್ಲಿ ಅಲೆಪ್ಪೊದವರಿಗೂ ಜಾಗ ಕೊಟ್ಟರು, ಹಸ್ತಪ್ರತಿ ಮಾತ್ರ ಜೆರುಸಲೇಮ್‌ನ ಬೆನ್ ಜ್ವಿ ಎಂಬ ಸಂಶೋಧನಾ ಸಂಸ್ಥೆಯಲ್ಲೇ ಉಳಿಯಿತು. ಮ್ಯೂಸಿಯಂಗೆ ಬಂದದ್ದು ಆಮೇಲೆ. ಮಾರಬಾರದು ಎಂದು ಹಸ್ತಪ್ರತಿಯ ಮೇಲೇ ಬರೆದಿಟ್ಟು ಅಷ್ಟು ತಲೆಮಾರು ಕಾದವರಿಗೆ ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ.

ಅದೇ ಮ್ಯೂಸಿಯಂನಲ್ಲಿ ಕೊಚ್ಚಿಯ ಕಡವುಂಭಾಗಂ ಸಿನಗಾಗ್‌ನ ಒಳಾಂಗಣವನ್ನೂ ತಂದು ಜೋಡಿಸಿದ್ದಾರೆ. ಬಿಡಬೇಡಿ.

ಶುಕ್ರವಾರ ಮಧ್ಯಾಹ್ನದ ಮೇಲೆ ಜೆರುಸಲೇಮ್ ತಲುಪುವ ಹಾಗೆ ಟಿಕೆಟ್ ಮಾಡಬೇಡಿ. ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಶುರುವಾದರೆ ಶನಿವಾರ ಕತ್ತಲಾಗುವವರೆಗೆ ರೈಲೂ ಇಲ್ಲ, ಟ್ರಾಮೂ ಇಲ್ಲ. ನಮ್ಮ ವಿಮಾನ ತಡವಾಗಿ ಇಳಿಯಿತು. ಸಿಕ್ಕ ಟ್ಯಾಕ್ಸಿಯವನು ಮೀಟರ್ ಹಾಕಲೇ ಇಲ್ಲ. ಲಗೇಜಿಗೆ ಬೇರೆ, ಶಬ್ಬಾತ್‌ಗೆ ಬೇರೆ ಅಂತ ದಾರಿಯುದ್ದಕ್ಕೂ ರೇಟು ಏರಿಸಿದ. ಕೊನೆಗೆ ಹೋಟೆಲ್‌ಗಿಂತ ಎರಡು ಬೀದಿ ಮೊದಲೇ ಇಳಿಸಿ ಹೋದ. ಹತ್ತುವ ಮೊದಲೇ ಮೀಟರ್ ಹಾಕಿಸಿ. ಒಪ್ಪದಿದ್ದರೆ ಇನ್ನೊಂದು ಟ್ಯಾಕ್ಸಿ ನೋಡಿ.

ಊಟಕ್ಕೆ ಮಹನೆ ಯೆಹೂದಾ ಮಾರುಕಟ್ಟೆ. ಶುಕ್ರವಾರ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಭಾನುವಾರ ಬೆಳಿಗ್ಗೆ ಹೋಗಿ. ಇರಾಕಿ ಮಾರುಕಟ್ಟೆ ಎನ್ನುವ ಭಾಗದ ಒಳಗೆ, ವಯಸ್ಸಾದವರು ಕಾರ್ಡ್ಸ್ ಆಡುತ್ತಾ ಕೂರುವ ಕಡೆ, ನಾಲ್ಕೇ ಟೇಬಲ್ ಇರುವ ಅಂಗಡಿ ಒಂದಿದೆ. ಬಿಸಿಬಿಸಿ ಹಮ್ಮಸ್ (ಕಡಲೆಕಾಳು ಬೇಯಿಸಿ ಅರೆದದ್ದು), ಅದರ ಮೇಲೆ ಬೆಂದ ಇಡೀ ಕಡಲೆಕಾಳು, ನಿಂಬೆರಸ, ಒಂದಿಷ್ಟು ಎಣ್ಣೆ. ಜೊತೆಗೆ ಹಸಿ ಈರುಳ್ಳಿ, ಉಪ್ಪಿನಕಾಯಿ, ಆಗಷ್ಟೇ ಬಂದ ಪೀಟಾ ರೊಟ್ಟಿ. ಪೀಟಾ ಮುಗಿದರೆ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತದೆ, ದುಡ್ಡೂ ಜಾಸ್ತಿ ಆಗಲ್ಲ. ನಾವು ಮತ್ತೆ ಮತ್ತೆ ಅಲ್ಲೇ ತಿಂದೆವು.

ಅಲ್ಲಿಂದ ಸ್ವಲ್ಪ ನಡೆದರೆ ನಹ್ಲಾವೋತ್ ಓಣಿಗಳಲ್ಲಿ ಆದೆಸ್ ಸಿನಗಾಗ್. ಅಲೆಪ್ಪೊದಿಂದ ಬಂದವರು 1901ರಲ್ಲಿ ಕಟ್ಟಿದ್ದು. ಮ್ಯೂಸಿಯಂ ನೋಡಿದವರು ಇಲ್ಲಿಗೂ ಬರಲೇಬೇಕು. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಮುಂಚೆಯೇ ಅವರ ಹಳೆಯ ಭಕ್ತಿಗೀತೆಗಳ ಹಾಡುಗಾರಿಕೆ ಶುರುವಾಗುತ್ತದೆ. ಹತ್ತಿರದಲ್ಲೇ ರೂಮು ಮಾಡಿದರೆ ನಡೆದು ಹೋಗಬಹುದು. ಗಂಡಸರು ತಲೆ ಮುಚ್ಚಿಕೊಳ್ಳಿ, ಫೋನ್ ರೂಮಿನಲ್ಲೇ ಬಿಡಿ.