ಪಟ್ಟಿಯಲ್ಲಿ ಒಂದು ಸಾಲು

2023ರ ಅಕ್ಟೋಬರ್. ಮಳೆ ಕೈಕೊಟ್ಟಿತ್ತು. ಕನ್ನಂಬಾಡಿ ಕಟ್ಟೆ ಆ ವರ್ಷ ತುಂಬಿದ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಸರ್ಕಾರ ಸೆಪ್ಟೆಂಬರ್‌ನಲ್ಲೇ 195 ತಾಲ್ಲೂಕುಗಳಲ್ಲಿ ಬರ ಅಂತ ಘೋಷಿಸಿತ್ತು. ಮಂಡ್ಯದ ಹತ್ತಿರದ ನಮ್ಮೂರಿನ ಕೆರೆಯಲ್ಲಿ ತೂಬಿನ ಬುಡದವರೆಗೂ ನಡೆದುಕೊಂಡು ಹೋಗಬಹುದಿತ್ತು. ಚಪ್ಪಲಿಗೆ ಕೆಸರು ಅಂಟುತ್ತಿರಲಿಲ್ಲ.

ಆಗಲೇ ಗ್ರಾಮಸಭೆ ಬಂತು. ಮುಂದಿನ ವರ್ಷದ ಕೆಲಸ ಬರೆಸುವ ಸಭೆ. ಶಾಲೆ ಜಗಲಿಯಲ್ಲಿ ಜಮಖಾನ ಹಾಸಿದ್ದರು. ಪಿಡಿಒ ಮೇಡಂ ಪಟ್ಟಿ ಓದಿದರು. ಸಿಸಿ ರಸ್ತೆ, ಚರಂಡಿ, ಮತ್ತೆ ಸಿಸಿ ರಸ್ತೆ. ಕೆರೆಯ ಹೆಸರೇ ಇಲ್ಲ.

ನಮ್ಮ ದೊಡ್ಡವ್ವ ಎದ್ದು ನಿಂತಳು. "ಮೇಡಮ್ನೋರೆ, ಕೆರೆಗೆ ನೀರ್ ಬರೋ ಹಳ್ಳ ಮುಚ್ಚೋಗದೆ. ಈಗಿನ ಮಳೆ ಬಂದ್ರೆ ಒಂದೇ ಸಲ ಸುರೀತದೆ. ಎಲ್ಲಾ ಗದ್ದೆಗೆ ನುಗ್ತದೆ, ಕೆರೆಗ್ ಬರಾಕಿಲ್ಲ. ಅದ್ನ ಬರ್ಕಳಿ."

"ವಾರ್ಡ್ ಸಭೇಲೇ ಹೇಳ್ಬೇಕಿತ್ತಲ್ಲಮ್ಮ" ಅಂದರು ಮೇಡಂ. ವಾರ್ಡ್ ಸಭೆ ನಡೆದದ್ದೇ ನಮಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂತು. ರಾಜ್ಯಕ್ಕೆ ಹವಾಮಾನ ಬದಲಾವಣೆಯದ್ದೇ ಒಂದು ಕ್ರಿಯಾ ಯೋಜನೆ ಇದೆ. ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ ಎಲ್ಲ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಬರುತ್ತವೆ, ಅಂದರೆ ಪಂಚಾಯಿತಿಗೆ ವಹಿಸಬಹುದಾದ ಕೆಲಸ. ಆದರೆ ಈ ಪಟ್ಟಿಯಲ್ಲಿ ಒಂದು ಸಾಲು ಇಲ್ಲದಿದ್ದರೆ ಅದ್ಯಾವುದೂ ನಮ್ಮೂರಿಗೆ ಇಳಿಯಲ್ಲ, ಅಲ್ವಾ? ಎದ್ದು ಅದನ್ನೇ ಹೇಳಿದೆ. ಮೇಡಂ ಪೆನ್ನು ತೆಗೆದರು. "ಹಳ್ಳ ಎಷ್ಟುದ್ದ ಇದೆ?" ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಕೆರೆ ನೀರು ಬಿಡುವ ನೀರುಗಂಟಿ, ದೊಡ್ಡವ್ವ, ನಾನು ಟೇಪು ಹಿಡಿದು ಹೊರಟೆವು. ಮೊದಲು ಜಾಲಿ ಮುಳ್ಳು. ಆಮೇಲೆ ಒಡೆದ ಹಲಗೆ, ಪ್ಲಾಸ್ಟಿಕ್ ಚೀಲ. ಸ್ವಲ್ಪ ಮುಂದೆ ಹಳ್ಳವೇ ಇಲ್ಲ! ಎದೆಯುದ್ದ ಕಬ್ಬು. ನಮ್ಮ ಚಿಕ್ಕಪ್ಪನದೇ. ಟೇಪಿನ ತುದಿ ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟೆ.

ಸಂಜೆ ದೊಡ್ಡವ್ವ ಅವರ ಮನೆ ಬಾಗಿಲಿಗೇ ಹೋದಳು. "ನೀರಿನ ದಾರಿ ಕಣ್ಲಾ ಅದು, ಬಿಟ್ಕೊಡು." ಚಿಕ್ಕಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಈ ಕಬ್ಬು ಕಡಿಯೋಗಂಟ ಟೈಮ್ ಕೊಡಕ್ಕ" ಅಂದರು.

ಚುನಾವಣೆ ಮುಗಿದು 2024ರ ಜೂನ್‌ನಲ್ಲಿ ನರೇಗಾ ಕೆಲಸ ಶುರುವಾಯಿತು. ದಿನಕ್ಕೆ 349 ರೂಪಾಯಿ ಕೂಲಿ. ದೊಡ್ಡವ್ವನೂ ಮಂಕರಿ ಹೊತ್ತಳು. ಅಕ್ಟೋಬರ್ ಮಳೆಗೆ ಕೆಂಪು ನೀರು ಆ ಹಳ್ಳದಲ್ಲೇ ಹರಿದು ಬಂತು. ಕೆರೆ ತುಂಬಲಿಲ್ಲ, ಅರ್ಧ ಆಯಿತು. ಅಷ್ಟರಲ್ಲಿ ತೂಬು ಸೋರುವುದು ಕಂಡಿತು. ಈಗ ದೊಡ್ಡವ್ವ ನೀರುಗಂಟಿ ಸಿಕ್ಕಾಗಲೆಲ್ಲ ಕೇಳುತ್ತಾಳೆ, "ವಾರ್ಡ್ ಸಭೆ ಯಾವತ್ಲಾ?"